ಓಟಕ್ಕೆಂದೇ ಕಟ್ಟಿದ ಮೈ

ಹೊನ್ನಾಳಿ, ನ್ಯಾಮತಿ ಕಡೆಯ ಹೋರಿ ಹಬ್ಬ ನೋಡಿದ್ದೀರಾ? ಅಲ್ಲಿ ಓಡುವ ಅಮೃತ ಮಹಲ್ ಹೋರಿಯ ಸಪೂರ ಮೈ ತಾನಾಗಿ ಬಂದದ್ದಲ್ಲ.

ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಅರಮನೆಗೆ ಹಾಲು-ಬೆಣ್ಣೆ ಕೊಡುತ್ತಿತ್ತು. ಹೈದರ್, ಟಿಪ್ಪು ಅದೇ ಹಿಂಡನ್ನು ಫಿರಂಗಿ ಎಳೆಯಲು ಹಚ್ಚಿದರು. ‘ಅಮೃತ ಮಹಲ್’ ಟಿಪ್ಪು ಇಟ್ಟ ಹೆಸರು. ವೇಗ, ದಮ್ಮು ನೋಡಿಯೇ ಬೀಜದ ಹೋರಿ ಆರಿಸಿದ್ದರಿಂದ ಹಾಲು ಕಡಿಮೆ, ಬೆಳವಣಿಗೆ ನಿಧಾನ, ಕೊಬ್ಬೂ ಕಡಿಮೆ. ಅದೇ 18ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ ಮಾಂಸಕ್ಕೆಂದು ಬೇಗ ಕೊಬ್ಬುವ ದನಗಳನ್ನು ಆರಿಸುತ್ತಿದ್ದ!

1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಹಿಂಡು ಮಾರಿದರು. ದಂಡಿಗೆ ಒಳ್ಳೆಯ ಎತ್ತು ಸಿಗದೆ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಿದರು. ಚನ್ನಗಿರಿಗೆ ಹತ್ತಿರದ ಅಜ್ಜಂಪುರದ ತಳಿ ಕೇಂದ್ರದಲ್ಲಿ ಈ ತಳಿ ಇಂದಿಗೂ ಇದೆ.

ಈಗ ಫಿರಂಗಿಯಿಲ್ಲ, ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ, ಕಾವಲುಗಳೂ ಕರಗಿವೆ. ಕೆಲಸ ಹೋದ ತಳಿಯನ್ನು ಯಾವ ಗುಣ ನೋಡಿ ಉಳಿಸಿಕೊಳ್ಳಬೇಕು? ನೀವೇನಂತೀರಿ?