ಮೂಲೆಯಲ್ಲಿ ಮಡಿಸಿಟ್ಟ ಕಹಳೆ

ಹಳೆಯ ಕಾಲದ ಕೆಲವು ಧ್ವನಿವರ್ಧಕ ಪೆಟ್ಟಿಗೆಗಳು ಬೀರುವಿನಷ್ಟು ದೊಡ್ಡದಾಗಿದ್ದುದೇಕೆ? ಆಡಂಬರಕ್ಕಲ್ಲ, ಅನಿವಾರ್ಯತೆಯಿಂದ. ಅಂದಿನ ವಾಲ್ವ್ ಆಂಪ್ಲಿಫೈಯರುಗಳ ಶಕ್ತಿ ಅನೇಕ ವೇಳೆ ಕೆಲವೇ ವ್ಯಾಟ್‌ಗಳಷ್ಟು. ಅಷ್ಟರಲ್ಲಿಯೇ ತುಂಬುದನಿ ಹೊರಡಿಸಲು ಕಹಳೆಯ ಆಕಾರ ಉತ್ತಮ ಉಪಾಯವಾಗಿತ್ತು. ಆದರೆ 40 ಹರ್ಟ್ಸ್‌ನ ಮಂದ್ರ ನಾದದ ಒಂದು ಅಲೆಯ ಉದ್ದವೇ ಸುಮಾರು 8.5 ಮೀಟರ್. ಅದಕ್ಕೆ ತಕ್ಕ ನೇರ ಕಹಳೆ ಮನೆಯೊಳಗೆ ಹಿಡಿಯುವುದೆಂತು?

ಅಮೆರಿಕದ ಎಂಜಿನಿಯರ್ ಪಾಲ್ ಕ್ಲಿಪ್ಶ್ (1904–2002) ಇದಕ್ಕೆ ಉತ್ತರ ಕಂಡರು. ಕಹಳೆಯನ್ನು ಮರದ ಪೆಟ್ಟಿಗೆಯೊಳಗೆ ಮಡಿಸಿ, ಕೋಣೆಯ ಮೂಲೆಯ ಗೋಡೆಗಳನ್ನೇ ಅದರ ಬಾಯಿಯ ಮುಂದುವರಿಕೆಯಾಗಿಸಿದರು. 1946ರಲ್ಲಿ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಸಣ್ಣ ಊರಿನಲ್ಲಿ ಸಂಸ್ಥೆ ಆರಂಭವಾಯಿತು. ಮೊದಲ ವರ್ಷಗಳಲ್ಲಿ 'ಕ್ಲಿಪ್ಶಾರ್ನ್' ಪೆಟ್ಟಿಗೆಗಳು ಕೈಗೆಲಸದಿಂದಲೇ ರೂಪುಗೊಂಡವು.

ಇಂಥವನ್ನು ಮನೆಯ ಕಾರ್ಯಾಗಾರದಲ್ಲಿ ಜೀರ್ಣೋದ್ಧಾರ ಮಾಡುವ ಹವ್ಯಾಸಿಗಳು ಇಂದಿಗೂ ಇದ್ದಾರೆ. ಹಳತಾದ ಕೆಪಾಸಿಟರನ್ನು ಬದಲಿಸಬಹುದು, ಹರಿದ ಕಾಗದದ ಕೋನನ್ನು ಸರಿಪಡಿಸಬಹುದು. ಆದರೆ ಒಳಮಡಿಕೆಯ ಅಳತೆ ತಪ್ಪಿದರೆ, ಸಂದಿನಲ್ಲಿ ಗಾಳಿ ಸೋರಿದರೆ ಮಂದ್ರವೇ ಸೊರಗುತ್ತದೆ. ವೀಣೆಯ ಮರ ನಾದದೊಡನೆ ಕಂಪಿಸಬೇಕು. ಇಲ್ಲಿಯ ಮರವಾದರೋ ತಾನು ಅಲುಗದೆ ನಾದಕ್ಕೆ ದಾರಿ ಬಿಡಬೇಕು. ಆದುದರಿಂದ, ಓದುಗರೇ, ಹೊರಗಿನ ಹೊಳಪಿಗಿಂತ ಕಣ್ಣಿಗೆ ಕಾಣದ ಆ ಒಳದಾರಿಯನ್ನು ಉಳಿಸುವುದೇ ನಿಜವಾದ ಜೀರ್ಣೋದ್ಧಾರ.