ಗಾಲಿ ಆರಿಸುವ ಮುನ್ನ

ಕೆಸರಿನಲ್ಲಿ ಹೂತ ಗಾಡಿಗೆ ಹೆಗಲು ಕೊಟ್ಟವರಿಗೆ ಗಾಲಿಯ ಮಹತ್ವ ಹೇಳಬೇಕಾದ್ದಿಲ್ಲ. ಅಗಲವಾದ ಗಾಲಿ ಬೇಗ ಹೂಳದು. ಎ.ಟಿ.ವಿ. ಎಂಬ, ದಾರಿಯಿಲ್ಲದ ಕಡೆಯೂ ಓಡುವ ಬಂಡಿ ಹುಟ್ಟಿದ್ದೇ ಈ ತತ್ವದ ಮೇಲೆ.

1970ರಲ್ಲಿ ಜಪಾನಿನ ಹೋಂಡಾ ಕಂಪನಿ ಅಂಥ ಬಂಡಿಯೊಂದನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಅದರ ಎಂಜಿನಿಯರು ಒಸಾಮು ತಕೆಯುಚಿ, ಎರಡರಿಂದ ಆರು ಗಾಲಿಯವರೆಗೂ ಮಾದರಿ ಮಾಡಿ ನೋಡಿ, ಮೂರು ಗಾಲಿಗೆ ಒಪ್ಪಿದರು. ಟೈರು 22 ಅಂಗುಲ ಎತ್ತರದ್ದು, ಬಲೂನಿನಂಥದು, ಗಾಳಿ ಬಹಳ ಕಡಿಮೆ. ಹಾಗಾಗಿ ಭಾರ ಅಗಲವಾಗಿ ಹಂಚಿಹೋಗಿ, ಹಿಮ, ಮರಳಿನ ಮೇಲೂ ಬಂಡಿ ಸಾಗಿತು.

ಆದರೆ ಮೂರು ಗಾಲಿಯ ಬಂಡಿ ತಿರುವಿನಲ್ಲಿ ಮಗುಚುತ್ತಿತ್ತು. ಸತ್ತವರಲ್ಲಿ ಮಕ್ಕಳೂ ಇದ್ದರು. 1988ರಲ್ಲಿ ಅಮೆರಿಕದಲ್ಲಿ ಹೊಸ ಮೂರು ಗಾಲಿ ಬಂಡಿಗಳ ಮಾರಾಟ ನಿಂತಿತು. ನಾಲ್ಕು ಗಾಲಿಯದು ಉಳಿಯಿತು.

ಇದರಿಂದ ನಾವು ತಿಳಿಯೋದೇನು? ಗಾಲಿ ಬದಲಿಸುವವರು ಬರೀ ಅಂದ ನೋಡಿ ಕೊಳ್ಳಬಾರದು. ಕೆಸರಿಗೆ ಆಳ ಹಲ್ಲಿನ ಟೈರು, ಗಟ್ಟಿನೆಲಕ್ಕೆ ಗಿಡ್ಡ ಹಲ್ಲಿನದು. ರಿಮ್ಮಿನ ಬೋಲ್ಟು ತೂತು ಬಂಡಿಗೆ ಸರಿಹೊಂದಬೇಕು. ತೀರ ಎತ್ತರದ ಗಾಲಿ ಹಾಕಿದರೆ ಮಗುಚುವ ಭಯ ಮತ್ತೆ ಹೆಚ್ಚುತ್ತೆ. ಗಾಳಿ ಎಷ್ಟೆಂದು ಕಂಪನಿಯ ಪುಸ್ತಕ ನೋಡಿಯೇ ತುಂಬಿಸಿ. ಕಣ್ಣು ಕೇಳಿದ್ದಲ್ಲ, ನೆಲ ಕೇಳಿದ ಗಾಲಿ ಹಾಕಿ.