ಲೆಕ್ಕಪತ್ರ ಹೊರಗುತ್ತಿಗೆ: ಅಮೆರಿಕದಿಂದ ಭಾರತಕ್ಕೆ

ಖಾತೆ ಬರೆಯುವುದು, ಸಂಬಳದ ಪಟ್ಟಿ ಮಾಡುವುದು, ಬಿಲ್ಲುಗಳ ಪಾವತಿ, ತೆರಿಗೆ ರಿಟರ್ನ್ ಸಿದ್ಧಪಡಿಸುವುದು ಮೊದಲಾದ ಕೆಲಸಗಳನ್ನು ಸಂಸ್ಥೆಯೊಂದು ತನ್ನ ನೌಕರರ ಬದಲು ಹೊರಗಿನವರಿಂದ ಮಾಡಿಸುವ ಪದ್ಧತಿಯೇ ಲೆಕ್ಕಪತ್ರ ಹೊರಗುತ್ತಿಗೆ. ಅಮೆರಿಕದ ಕೆಲಸ ಭಾರತಕ್ಕೆ ಬರತೊಡಗಿದ್ದು ಇಲ್ಲಿ ಸಂಬಳ ಕಡಿಮೆ ಎಂಬ ಕಾರಣಕ್ಕೆ. 2020ರ ನಂತರ ಅದಕ್ಕಿಂತ ದೊಡ್ಡ ಕಾರಣ ಅಲ್ಲಿ ಆ ಕೆಲಸಕ್ಕೆ ಜನ ಸಿಗದಿರುವುದು.

ಪದ್ಧತಿ ಹಳೆಯದೇ. 1949ರಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್ ಪಟ್ಟಣದಲ್ಲಿ ಹೆನ್ರಿ ಟಾಬ್ ಆರಂಭಿಸಿದ ಆಟೊಮ್ಯಾಟಿಕ್ ಪೇರೋಲ್ಸ್ ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುತ್ತಿತ್ತು. ಮುಂದೆ ಅದೇ ಎಡಿಪಿ ಎಂಬ ದೈತ್ಯ ಸಂಸ್ಥೆಯಾಯಿತು. ಅದೇ 1949ರ ಜುಲೈ 1ರಂದು ಭಾರತದಲ್ಲಿ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ ಸ್ಥಾಪನೆಯಾಯಿತು. ಅಲ್ಲಿ ಬೆಳೆದ ಕೆಲಸಕ್ಕೂ ಇಲ್ಲಿ ತಯಾರಾದ ಜನಕ್ಕೂ ಗಂಟು ಬೀಳಲು ಮಾತ್ರ ಸುಮಾರು ಅರ್ಧ ಶತಮಾನ ಬೇಕಾಯಿತು.

1991ರಲ್ಲಿ ಬ್ರಿಟನ್ನಿನ ತೈಲ ಕಂಪನಿ ಬಿಪಿ ತನ್ನ ಲೆಕ್ಕಪತ್ರ ವಿಭಾಗದ ಕೆಲಸವನ್ನು ಆಂಡರ್ಸನ್ ಕನ್ಸಲ್ಟಿಂಗ್‌ಗೆ ವಹಿಸಿತು. ಆ ಕೆಲಸ ಸ್ಕಾಟ್ಲೆಂಡಿನ ಆಬರ್ಡೀನ್ ಬಿಟ್ಟು ಹೋಗಲಿಲ್ಲ, ಯಜಮಾನ ಮಾತ್ರ ಬದಲಾದ. ಸಮುದ್ರ ದಾಟಿಸಿದವರಲ್ಲಿ ವಿಮಾನ ಕಂಪನಿಗಳು ಮುಂದು: 1990ರ ದಶಕದಲ್ಲಿ ಸ್ವಿಸ್ಏರ್, ಬ್ರಿಟಿಷ್ ಏರ್‌ವೇಸ್‌ಗಳ ಟಿಕೆಟ್ ಆದಾಯದ ಲೆಕ್ಕ ಮುಂಬೈಗೆ ಬಂತು. 1997ರಲ್ಲಿ ಜನರಲ್ ಎಲೆಕ್ಟ್ರಿಕ್ ಗುರುಗ್ರಾಮದಲ್ಲಿ ಆರಂಭಿಸಿದ ಘಟಕ 2005ರಲ್ಲಿ ಜೆನ್‌ಪ್ಯಾಕ್ಟ್ ಎಂಬ ಸ್ವತಂತ್ರ ಕಂಪನಿಯಾಯಿತು. ಬೆಂಗಳೂರಿನ ಇನ್ಫೋಸಿಸ್ 2002ರಲ್ಲಿ ಪ್ರೊಜಿಯಾನ್ ಹೆಸರಿನಲ್ಲಿ ಈ ವ್ಯವಹಾರಕ್ಕಿಳಿಯಿತು. ಅದೇ ಘಟಕ 2007ರಲ್ಲಿ, ಆಗ ಅದರ ಹೆಸರು ಇನ್ಫೋಸಿಸ್ ಬಿಪಿಒ, ಫಿಲಿಪ್ಸ್ ಕಂಪನಿಯ ಪೋಲೆಂಡ್, ಚೆನ್ನೈ, ಥಾಯ್ಲೆಂಡ್‌ಗಳ ಲೆಕ್ಕಪತ್ರ ಕೇಂದ್ರಗಳನ್ನೇ ಕೊಂಡುಕೊಂಡಿತು. ಯುರೋಪಿನ ಕಂಪನಿಯ ಖಾತೆಗಳನ್ನು ಪೋಲೆಂಡಿನ ನೌಕರರು ಬೆಂಗಳೂರಿನ ಧಣಿಗಾಗಿ ಬರೆಯುವ ಸ್ಥಿತಿ ಬಂದದ್ದು ಹಾಗೆ.

ಇವೆಲ್ಲ ದೊಡ್ಡ ಕಂಪನಿಗಳ ಮಾತು. ಸಾಮಾನ್ಯ ಅಮೆರಿಕನ್ನನ ತೆರಿಗೆ ರಿಟರ್ನ್ ಬೆಂಗಳೂರಿಗೆ ಬಂದದ್ದು ಇನ್ನೂ ಸ್ವಾರಸ್ಯದ ಕತೆ. ಜೈತೀರ್ಥ ರಾವ್ ಕಟ್ಟಿದ ಎಂಫಸಿಸ್ 2000ದ ದಶಕದ ಆರಂಭದಲ್ಲಿ ಇದಕ್ಕೊಂದು ಕ್ರಮ ರೂಪಿಸಿತು. ಅಮೆರಿಕದ ಅಕೌಂಟೆಂಟ್ ತನ್ನ ಕಕ್ಷಿದಾರನ ಸಂಬಳದ ಚೀಟಿ, ಬಡ್ಡಿಯ ವಿವರಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಸರ್ವರ್‌ಗೆ ಏರಿಸುತ್ತಾನೆ. ಅಲ್ಲಿ ರಾತ್ರಿಯಾಗುವ ಹೊತ್ತಿಗೆ ಇಲ್ಲಿ ಬೆಳಗು. ಇಲ್ಲಿಯವರು ಪರದೆಯ ಮೇಲೆ ಕಾಗದಗಳನ್ನು ನೋಡಿ ರಿಟರ್ನ್ ತುಂಬುತ್ತಾರೆ. ಅವನ್ನು ಇಳಿಸಿಕೊಳ್ಳುವುದಕ್ಕಾಗಲಿ ಮುದ್ರಿಸುವುದಕ್ಕಾಗಲಿ ಅವಕಾಶವಿಲ್ಲ. ಮರುದಿನ ಅಲ್ಲಿಯ ಅಕೌಂಟೆಂಟ್ ಪರಿಶೀಲಿಸಿ ರುಜು ಹಾಕುತ್ತಾನೆ. ಏಪ್ರಿಲ್ 15ರ ಗಡುವಿನ ಮುಂಚಿನ ವಾರಗಳಲ್ಲಿ ಇದು ಅವನ ಒಂದು ದಿನವನ್ನು ಎರಡಾಗಿಸುತ್ತಿತ್ತು. ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರ 'ದಿ ವರ್ಲ್ಡ್ ಈಸ್ ಫ್ಲ್ಯಾಟ್' ಪುಸ್ತಕದಲ್ಲಿ ಕೊಟ್ಟ ಲೆಕ್ಕದಂತೆ, ಭಾರತದಲ್ಲಿ ತಯಾರಾದ ಅಮೆರಿಕದ ರಿಟರ್ನ್‌ಗಳು 2003ರಲ್ಲಿ 25,000, ಮರುವರ್ಷ 1,00,000. ಜಗತ್ತು ಚಪ್ಪಟೆಯಾಯಿತೆಂಬ ಅವರ ಉತ್ಸಾಹ ಅತಿಯೆನಿಸಿದರೂ ಕೆಲಸದ ಕ್ರಮವನ್ನು ಅವರು ಕಂಡದ್ದು ಸರಿಯಾಗಿಯೇ ಇತ್ತು.

ತಮ್ಮ ರಿಟರ್ನ್ ಬೇರೆ ದೇಶದಲ್ಲಿ ತಯಾರಾಗುತ್ತಿದೆಯೆಂದು ಹಲವು ಕಕ್ಷಿದಾರರಿಗೆ ತಿಳಿದೇ ಇರಲಿಲ್ಲ. ಹೊರಗಿನವರಿಗೆ ಮಾಹಿತಿ ಕೊಡುವ ಮೊದಲು ಕಕ್ಷಿದಾರನಿಗೆ ತಿಳಿಸಬೇಕೆಂದು ಅಮೆರಿಕದ ಅಕೌಂಟೆಂಟರ ಸಂಘ ಎಐಸಿಪಿಎ 2004ರಲ್ಲಿ ನಿಯಮ ಮಾಡಿತು. ತೆರಿಗೆ ಕಾನೂನಿನ 7216ನೇ ಸೆಕ್ಷನ್ನಿನ ಅಡಿ 2009ರ ಜನವರಿ 1ರಿಂದ ಜಾರಿಗೆ ಬಂದ ನಿಯಮ ಇನ್ನೂ ಬಿಗಿ: ವೈಯಕ್ತಿಕ ರಿಟರ್ನ್ ಮಾಹಿತಿಯನ್ನು ಹೊರದೇಶಕ್ಕೆ ಕಳಿಸಲು ಲಿಖಿತ ಒಪ್ಪಿಗೆ ಬೇಕು. ಮೀರಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಉಂಟು. ನಿಯಮ ಹೊರಗುತ್ತಿಗೆಯನ್ನು ನಿಲ್ಲಿಸಲಿಲ್ಲ. ಕದ್ದುಮುಚ್ಚಿ ಮಾಡುತ್ತಿದ್ದುದನ್ನು ಬಾಯಿಬಿಟ್ಟು ಹೇಳಿ ಮಾಡುವಂತಾಯಿತು.

ಆರಂಭದಲ್ಲಿ ಹೇಳಿದ ಜನರ ಅಭಾವದ ಬೇರು ಇನ್ನೂ ಹಿಂದಿದೆ. ಅಲ್ಲಿ ಅಕೌಂಟೆಂಟರಿಗೆ ಕೊಡುವ ಸಿಪಿಎ ಪರವಾನಗಿಗೆ ಮಾಮೂಲಿ ಪದವಿಯ 120 ಕ್ರೆಡಿಟ್ (ಕಾಲೇಜು ಪಾಠದ ಅಳತೆ) ಸಾಲದು, 150 ಬೇಕು ಎಂದು 1980ರ ದಶಕದಲ್ಲಿ ಫ್ಲಾರಿಡಾ ನಿಯಮ ತಂದಿತು. 1988ರಲ್ಲಿ ಎಐಸಿಪಿಎ ಸದಸ್ಯರೂ ಇದಕ್ಕೆ ಒಪ್ಪಿದರು, ಕ್ರಮೇಣ ಉಳಿದ ರಾಜ್ಯಗಳೂ ಹಿಂಬಾಲಿಸಿದವು. ವೃತ್ತಿಯ ಘನತೆ ಹೆಚ್ಚಿಸುವುದು ಉದ್ದೇಶ. ವಿದ್ಯಾರ್ಥಿಗೆ ಸಿಕ್ಕಿದ್ದು ಇನ್ನೊಂದು ವರ್ಷದ ಶುಲ್ಕ. ಅಷ್ಟು ಓದಿ ಹೊರಬಂದರೂ ಸಂಬಳದಲ್ಲಿ ಸಾಫ್ಟ್‌ವೇರ್, ಬ್ಯಾಂಕಿಂಗ್ ಸೇರಿದ ಗೆಳೆಯರಿಗೆ ಸಾಟಿಯಿಲ್ಲ. ಇತ್ತ ಎನ್ರಾನ್ ಕಂಪನಿಯ ಲೆಕ್ಕಪತ್ರ ಹಗರಣದ ಬಳಿಕ ಬಂದ 2002ರ ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆ ಆಡಿಟ್ ಕೆಲಸವನ್ನು ಬೆಟ್ಟದಷ್ಟು ಬೆಳೆಸಿತು. 2019ರಿಂದ 2021ರ ನಡುವೆ ಮೂರು ಲಕ್ಷಕ್ಕೂ ಹೆಚ್ಚು ಅಕೌಂಟೆಂಟರು, ಆಡಿಟರುಗಳು ಅಲ್ಲಿ ಈ ಕೆಲಸ ಬಿಟ್ಟರು. 2024ರಲ್ಲಿ ಟಪ್ಪರ್‌ವೇರ್ ಕಂಪನಿ ವಾರ್ಷಿಕ ವರದಿ ತಡವಾದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಲೆಕ್ಕಪತ್ರ ವಿಭಾಗದ ಜನ ಬಿಟ್ಟುಹೋಗುತ್ತಿರುವುದೂ ಒಂದು.

ಹೊರಗುತ್ತಿಗೆ ಈ ಅಭಾವಕ್ಕೆ ಮದ್ದು ಎಂದೇ ಸಾಮಾನ್ಯವಾಗಿ ಬರೆಯಲಾಗುತ್ತದೆ. ಅದು ಅರ್ಧ ನಿಜ. ಬ್ಯಾಂಕ್ ಖಾತೆ ತಾಳೆ ಹಾಕುವುದು, ರಸೀದಿ ಜೋಡಿಸುವುದು, ರಿಟರ್ನಿನ ಮೊದಲ ಪ್ರತಿ ತಯಾರಿಸುವುದು, ಹೀಗೆ ಹೊರಟುಹೋಗುವುದೆಲ್ಲ ತಳದ ಕೆಲಸವೇ. ಹೊಸದಾಗಿ ಸೇರಿದ ಹುಡುಗರು ವೃತ್ತಿ ಕಲಿಯುತ್ತಿದ್ದದ್ದೂ ಅದರಲ್ಲೇ. ಮೇಲಿನ ಪರಿಶೀಲನೆ ಅಲ್ಲೇ ಉಳಿಯುತ್ತದೆ, ಪರಿಶೀಲಿಸಬಲ್ಲವನನ್ನು ತಯಾರು ಮಾಡುವ ಕೆಲಸ ಸಾಗರ ದಾಟುತ್ತದೆ. ಇಂದಿನ ಅಭಾವ ನೀಗಿಸುವ ವ್ಯವಸ್ಥೆ ಇನ್ನು ಹತ್ತು ವರ್ಷದ ಅಭಾವಕ್ಕೆ ದಾರಿ ಮಾಡುತ್ತಿರಬಹುದು.

ಭಾರತದ ಕಡೆ ಈ ಬೇಡಿಕೆಗೆ ಆಸರೆಯಾದದ್ದು ಬಿ.ಕಾಂ. ಪದವೀಧರರ ದೊಡ್ಡ ಸಂಖ್ಯೆ, ಸಿಎ ಓದಿನ ಭಾಗವಾಗಿ ಆಡಿಟರ್ ಕಚೇರಿಯಲ್ಲಿ ದುಡಿಯುವ ಆರ್ಟಿಕಲ್‌ಶಿಪ್, ಮತ್ತು ಇಂಗ್ಲಿಷ್. ಇವೈ, ಕೆಪಿಎಂಜಿಯಂಥ ದೊಡ್ಡ ಆಡಿಟ್ ಸಂಸ್ಥೆಗಳು ಬೆಂಗಳೂರಿನಲ್ಲಿ ತಮ್ಮದೇ ಕೇಂದ್ರಗಳನ್ನು ಕಟ್ಟಿಕೊಂಡವು. ಅಮೆರಿಕದ ಸಣ್ಣ ಕಚೇರಿಗಳ ಕೆಲಸ ಅಹಮದಾಬಾದಿನ ಕಂಪನಿಗಳಿಗೂ ಹೋಯಿತು. ಸಿಪಿಎ ಪರೀಕ್ಷೆಯನ್ನು ಭಾರತದಲ್ಲೇ ಬರೆಯುವ ಅವಕಾಶವನ್ನು 2020ರಲ್ಲಿ ಪ್ರಕಟಿಸಲಾಯಿತು. ಪರೀಕ್ಷಾ ಕೇಂದ್ರಗಳಲ್ಲಿ ಬೆಂಗಳೂರೂ ಒಂದು. ಕೆಲಸವಷ್ಟೇ ಅಲ್ಲ, ಅದರ ಅರ್ಹತೆಯೂ ಇತ್ತ ಬಂದಂತಾಯಿತು. ಇಲ್ಲಿಯ ಸಿಎ ಕಚೇರಿಗಳು ಈಗ ಅದೇ ಬಿ.ಕಾಂ., ಸಿಎ ಹುಡುಗರಿಗಾಗಿ ಆ ದೊಡ್ಡ ಸಂಸ್ಥೆಗಳ ಕೇಂದ್ರಗಳೊಂದಿಗೆ ಪೈಪೋಟಿ ನಡೆಸಬೇಕು.

ಅತ್ತ ಅಮೆರಿಕದಲ್ಲಿ 2025ರ ಜನವರಿಯಲ್ಲಿ ಒಹಾಯೊ ರಾಜ್ಯ 150 ಕ್ರೆಡಿಟ್ಟಿನ ಕಟ್ಟನ್ನು ಸಡಿಲಿಸಿತು: ನಾಲ್ಕು ವರ್ಷದ ಪದವಿ, ಎರಡು ವರ್ಷದ ಅನುಭವ, ಪರೀಕ್ಷೆಯಲ್ಲಿ ಪಾಸು, ಇಷ್ಟಿದ್ದರೂ 2026ರಿಂದ ಪರವಾನಗಿ ಸಿಗುವ ಕಾನೂನಿಗೆ ಸಹಿ ಬಿತ್ತು. ಬೇರೆ ಹಲವು ರಾಜ್ಯಗಳೂ ಅದೇ ಹಾದಿ ಹಿಡಿದವು. ಅದೇ ಒಹಾಯೊದ ಸೆನೆಟರ್ ಬರ್ನಿ ಮೊರೆನೊ ಆ ವರ್ಷದ ಸೆಪ್ಟೆಂಬರಿನಲ್ಲಿ, ಹೊರದೇಶದವರಿಂದ ಕೆಲಸ ಮಾಡಿಸಿ ಕೊಡುವ ಹಣಕ್ಕೆ ಶೇಕಡಾ 25 ತೆರಿಗೆ ಹಾಕುವ ಮಸೂದೆ ಮಂಡಿಸಿದರು.